ತಿರುಗಿ ಬರತೈತೇನ್ರಿ?

ಮಂಗಳವಾರ ಮಧ್ಯಾಹ್ನ ನಮ್ಮ ಕಚೇರಿಗೆ ಬಂದ ಹಿರಿಯರೊಬ್ಬರು ಮೂಲೆಯಲ್ಲಿ ಗುರುಗುಟ್ಟುತ್ತಿದ್ದ ಹೊಸ ಯಂತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆಯ ಮೇಲಿನ ರುಮಾಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, “ಇದರಾಗ ಹೋದದ್ದು ತಿರುಗಿ ಬರತೈತೇನ್ರಿ?” ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಕಾಗದ ಚೂರು ಮಾಡುವ ಈ ಶ್ರೆಡ್ಡರ್ ಆರಿಸುವುದಕ್ಕಾಗಿ ಹದಿನೈದು ದಿನ ತಲೆ ಕೆಡಿಸಿಕೊಂಡು ಗಳಿಸಿದ ಜ್ಞಾನವನ್ನು ಕೇಳಲು ಕೊನೆಗೂ ಒಬ್ಬರು ಸಿಕ್ಕರೆಂಬ ಹುಮ್ಮಸ್ಸಿನಲ್ಲಿ, ಪಟ್ಟಿಯಾಗಿ ಕತ್ತರಿಸಿದ್ದು ತಿರುಗಿ ಬರಬಹುದು, ಚೂರಾಗಿ ಕತ್ತರಿಸಿದ್ದು ಬರುವುದು ಕಷ್ಟ, ಪುಡಿಯಾದದ್ದು ಬರುವುದೇ ಇಲ್ಲ ಎಂದು ಐದು ನಿಮಿಷ ಭಾಷಣ ಮಾಡಿದೆ. ಅವರು ತಾಳ್ಮೆಯಿಂದ ಕೇಳಿದರು. ಆ ಐದು ನಿಮಿಷವೂ ಅವರದೇ ಕಾಗದವೊಂದು ಯಂತ್ರದ ಮುಚ್ಚಳದೊಳಗೆ ತನ್ನ ಸರದಿಗಾಗಿ ಕಾಯುತ್ತಿತ್ತೆಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಬಾಗಲಕೋಟೆಯ ನವನಗರದಲ್ಲಿ ಎರಡು ಕೋಣೆಯ ಕಚೇರಿ ನನ್ನದು. ಆದಾಯ ತೆರಿಗೆ, ಜಿಎಸ್‌ಟಿ, ಅಂಗಡಿಕಾರರ ಲೆಕ್ಕಪತ್ರ, ಇಷ್ಟೇ ಕೆಲಸ. ಪ್ರತಿ ವರ್ಷ ಮಾರ್ಚ್ ಮುಗಿದ ಮೇಲೆ ಕಪಾಟುಗಳನ್ನು ಖಾಲಿ ಮಾಡಿ ಹಳೆಯ ಪ್ರತಿಗಳನ್ನು ರದ್ದಿಗೆ ಹಾಕುವುದು ನಮ್ಮ ವಾಡಿಕೆಯಾಗಿತ್ತು. ಈ ಸಲವೂ ಮೂವತ್ತೆರಡು ಕಿಲೋ ತೂಗಿಸಿ ಕೊಟ್ಟೆವು. ನಾಲ್ಕು ದಿನ ಕಳೆದ ಮೇಲೆ ಬಸ್ ನಿಲ್ದಾಣದ ಹತ್ತಿರ ಗಿರ್ಮಿಟ್ ತಿನ್ನುತ್ತ ನಿಂತಾಗ, ಪಕ್ಕದವನ ಮಿರ್ಚಿ ಭಜಿಯ ಕೆಳಗಿನ ಹಾಳೆಯಲ್ಲಿ ನನ್ನದೇ ಗ್ರಾಹಕರೊಬ್ಬರ ಬ್ಯಾಂಕಿನ ಖಾತೆ ವಿವರ ಎಣ್ಣೆ ಹೀರಿಕೊಳ್ಳುತ್ತಿರುವುದು ಕಂಡಿತು. ಖಾತೆ ಸಂಖ್ಯೆ, ಪಾನ್ ಸಂಖ್ಯೆ, ಮೂಲೆಯಲ್ಲಿ ನನ್ನ ಕೈಬರಹದ ಟಿಪ್ಪಣಿ, ಎಲ್ಲವೂ ಸ್ಪಷ್ಟವಾಗಿದ್ದವು. ಆ ಕಾಗದವನ್ನು ಎಲ್ಲಿಂದ ತಂದೆ ಎಂದು ಕೇಳಿದ್ದಕ್ಕೆ ಗಾಡಿಯವನು, “ಭಾಳ ಛಲೋ ಕಾಗದ ಐತ್ರಿ, ಪ್ಯಾಪರಿನ ಮಸಿ ಹತ್ತಿದಂಗ ಹತ್ತೂದಿಲ್ಲ” ಎಂದು ಮೆಚ್ಚುಗೆಯಿಂದಲೇ ಹೇಳಿದನು. ಅವನದೇನೂ ತಪ್ಪಿಲ್ಲ. ಉಳಿದ ಹಾಳೆಗಳನ್ನೆಲ್ಲ ಎರಡು ಪ್ಲೇಟು ಭಜಿಯ ಬೆಲೆಗೆ ಮರಳಿ ಕೊಂಡು ತಂದೆ.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು ಆಧಾರ್ ಕಾರ್ಡಿನ ಝೆರಾಕ್ಸ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದೆಂದು ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ಅಂದಿನಿಂದ ಇಂದಿನವರೆಗೆ ಝೆರಾಕ್ಸ್ ಕೊಡುವವರ ಕೈಯೂ ನಿಂತಿಲ್ಲ, ಕೇಳುವವರ ಬಾಯಿಯೂ ನಿಂತಿಲ್ಲ. ಕೇಳುವವರಲ್ಲಿ ನಾನೂ ಒಬ್ಬ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಾದರೂ ಡಿಜಿಟಲ್ ರೂಪದ ಮಾಹಿತಿಗೆ ಸಂಬಂಧಿಸಿದ್ದು. ಕಾಗದದ ಮೇಲೆಯೇ ಉಳಿದ ಝೆರಾಕ್ಸ್ ಅದರ ಲೆಕ್ಕಕ್ಕೆ ಬರುವುದಿಲ್ಲ. ಭಜಿಯ ಕೆಳಗಿನ ಹಾಳೆಗೆ ಹೊಣೆ ಯಾರೆಂದರೆ, ಅದನ್ನು ತೂಗಿಸಿ ಕೊಟ್ಟ ನಾನೇ.

ನಮ್ಮ ಭಾವನವರ ಸಲಹೆ ಸರಳವಾಗಿತ್ತು: “ಬೆಂಕಿ ಹಚ್ಚಿದ್ರ ಮುಗೀತು, ಅದಕ್ಯಾಕ ಮಿಷನ್?” ಯಾವ ಸಮಸ್ಯೆಗೂ ಒಂದೇ ವಾಕ್ಯದಲ್ಲಿ ಉತ್ತರ ಕೊಡುವುದು ಅವರ ಸ್ವಭಾವ, ಆ ಉತ್ತರದ ಫಲವನ್ನು ಉಳಿದವರು ಉಣ್ಣಬೇಕೆಂಬುದು ನಮ್ಮ ಮನೆಯ ಅನುಭವ. ಹಿತ್ತಲಲ್ಲಿ ಎರಡು ಕಟ್ಟು ಸುಟ್ಟು ನೋಡಿದೆವು. ಕಾಗದದ ಕಟ್ಟು ಅಂಚಿನಲ್ಲಿ ಕರಕಾಗುತ್ತದೆಯೇ ಹೊರತು ಒಳಗೆ ಗಾಳಿ ಹೋಗದೆ ನಡುಭಾಗ ಹಸನಾಗಿಯೇ ಉಳಿಯುತ್ತದೆ. ಕೋಲಿನಿಂದ ಕೆದರಿದರೆ ಅರ್ಧ ಸುಟ್ಟ ಹಾಳೆಗಳು ಎದ್ದು ಕಾಂಪೌಂಡು ದಾಟಿ ಹೊರಡುತ್ತವೆ. ಏಪ್ರಿಲ್ ತಿಂಗಳ ಬಾಗಲಕೋಟೆಯ ಗಾಳಿಯಲ್ಲಿ ಒಬ್ಬ ಕಿರಾಣಿ ವ್ಯಾಪಾರಿಯ ಮಾರಾಟದ ವಿವರವನ್ನು ಬೆನ್ನಟ್ಟಿ ನಾನು ಎರಡು ಓಣಿ ಓಡಿದ್ದೇನೆ.

ಹೀಗೆ ಶ್ರೆಡ್ಡರ್ ಹುಡುಕಾಟ ಆರಂಭವಾಯಿತು. ಅಂಗಡಿಯ ಹುಡುಗನು ಮೊದಲು ತೋರಿಸಿದ್ದು ಕಾಗದವನ್ನು ಉದ್ದುದ್ದ ಪಟ್ಟಿಯಾಗಿ ಸೀಳುವ ಅಗ್ಗದ ಯಂತ್ರವನ್ನು. ಕೆಳಗಿನ ಬುಟ್ಟಿಗೆ ಇಳಿಯುತ್ತಿದ್ದ ಪಟ್ಟಿಗಳನ್ನು ಕಂಡು ನಮ್ಮ ಸಹಾಯಕಿ, “ಅಯ್ಯ, ಶಾವಿಗಿ!” ಎಂದಳು. ಅವಳ ಮಾತು ತಮಾಷೆಯಾಗಿ ಉಳಿಯಲಿಲ್ಲ. ಮನೆಗೆ ಬಂದು ಓದಿದಾಗ ತಿಳಿದ ಸಂಗತಿಯೆಂದರೆ, 1930ರ ದಶಕದಲ್ಲಿ ಜರ್ಮನಿಯ ಅಡಾಲ್ಫ್ ಎಹಿಂಗರ್ ಎಂಬಾತ ಈ ಯಂತ್ರವನ್ನು ಮಾಡಿದಾಗ ಅವನಿಗೆ ಮಾದರಿಯಾದದ್ದು ಅಡುಗೆಮನೆಯಲ್ಲಿ ಹಿಡಿಕೆ ತಿರುಗಿಸಿ ಶಾವಿಗೆಯಂಥದನ್ನೇ ತೆಗೆಯುವ ಸಾಧನವಂತೆ. ಅದಕ್ಕೂ ಮುನ್ನ 1909ರಲ್ಲಿಯೇ ಅಮೆರಿಕದ ಅಬಟ್ ಅಗಸ್ಟಸ್ ಲೋ ಎಂಬಾತ ಇಂಥದೇ ಕಲ್ಪನೆಗೆ ಪೇಟೆಂಟ್ ಪಡೆದಿದ್ದರೂ ಅದು ಕಾಗದದ ಮೇಲೆಯೇ ಉಳಿಯಿತು. ಇರಲಿ, ಶಾವಿಗೆಯ ಮಾತು ನಮ್ಮಲ್ಲಿ ನಿಂತುಬಿಟ್ಟಿತು. ಅಡ್ಡವಾಗಿಯೂ ಕತ್ತರಿಸುವ ಕ್ರಾಸ್ ಕಟ್ ನಮಗೆ ಅವಲಕ್ಕಿಯಾಯಿತು, ಮೈಕ್ರೋ ಕಟ್ ರವೆಯಾಯಿತು. ಈಗಲೂ ಕಚೇರಿಯಲ್ಲಿ ನಾವು ಹಾಗೆಯೇ ಮಾತನಾಡುತ್ತೇವೆ.

ಶಾವಿಗೆಯ ಯಂತ್ರ ಬೇಡವೆಂದು ನಾನು ಹೇಳಿದ್ದಕ್ಕೆ ಅಂಗಡಿಯ ಹುಡುಗನಿಗೆ ಕೋಪ ಬಂದಿತು. ಇದನ್ನು ಕೂಡಿಸುವಷ್ಟು ತ್ರಾಣ ಯಾರಿಗಿದೆ ಎಂದು ಅವನ ವಾದ. ತ್ರಾಣವಿದ್ದವರು ಇದ್ದರು. 1979ರಲ್ಲಿ ಟೆಹರಾನಿನ ಅಮೆರಿಕದ ರಾಯಭಾರ ಕಚೇರಿಯನ್ನು ವಿದ್ಯಾರ್ಥಿಗಳು ವಶಪಡಿಸಿಕೊಂಡಾಗ ಅಲ್ಲಿ ಪಟ್ಟಿಪಟ್ಟಿಯಾಗಿ ಬಿದ್ದಿದ್ದ ರಹಸ್ಯ ಪತ್ರಗಳನ್ನು ಜಮಖಾನೆ ನೇಯುವವರ ಕೈಯಿಂದ ಒಂದೊಂದೇ ಎಳೆಯಾಗಿ ಜೋಡಿಸಿ, ಪುಸ್ತಕಗಳನ್ನಾಗಿ ಅಚ್ಚು ಹಾಕಿಸಿದರು. ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಯೆಳೆಯಾಗಿ ಕೊಂಡಿ ಹಾಕುವ ಕೈಗಳನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಯಾವ ಚೂರು ಎಷ್ಟು ಸಣ್ಣದಿರಬೇಕೆಂಬುದಕ್ಕೆ ಡಿಐಎನ್ 66399 ಎಂಬ ಜರ್ಮನ್ ಮಾನದಂಡವಿದೆ. 2018ರಲ್ಲಿ ಅದೇ ಅಂತರರಾಷ್ಟ್ರೀಯ ಮಾನದಂಡವೂ ಆಯಿತು. ಕಾಗದಕ್ಕೆ ಪಿ-1ರಿಂದ ಪಿ-7ರವರೆಗೆ ಏಳು ಮೆಟ್ಟಿಲು. ಪಿ-2ರಲ್ಲಿ ಆರು ಮಿಲಿಮೀಟರ್ ಅಗಲದ ಪಟ್ಟಿ ನಡೆಯುತ್ತದೆ. ಪಿ-4ರಲ್ಲಿ ಒಂದು ಚೂರಿನ ವಿಸ್ತೀರ್ಣ 160 ಚದರ ಮಿಲಿಮೀಟರ್ ಮೀರಬಾರದು, ಪಿ-5ರಲ್ಲಿ 30 ಮೀರಬಾರದು. ನಾನು ಲೆಕ್ಕದವನಾದ್ದರಿಂದ ಗುಣಿಸಿ ನೋಡಿದೆ. 210ಕ್ಕೆ 297 ಮಿಲಿಮೀಟರಿನ ಒಂದು ಎ4 ಹಾಳೆಯನ್ನು ನಾಲ್ಕಕ್ಕೆ ನಲವತ್ತರ ಅವಲಕ್ಕಿ ಮಾಡಿದರೆ ಸುಮಾರು 390 ಚೂರಾಗುತ್ತದೆ; ಎರಡಕ್ಕೆ ಹದಿನೈದರ ರವೆ ಮಾಡಿದರೆ ಎರಡು ಸಾವಿರ ದಾಟುತ್ತದೆ. ರವೆಯೇ ಒಳ್ಳೆಯದಲ್ಲವೇ ಎಂದರೆ, ಚೂರು ಸಣ್ಣದಾದಷ್ಟೂ ಮೋಟಾರಿನ ದುಡಿಮೆ ಹೆಚ್ಚು, ಒಮ್ಮೆಗೆ ನುಂಗುವ ಹಾಳೆ ಕಡಿಮೆ, ಎಣ್ಣೆಯ ಉಪಚಾರ ಪದೇ ಪದೇ, ಬೆಲೆಯಂತೂ ಸರಿಯೇ ಸರಿ. ನಾನು ಬಚ್ಚಿಡಬೇಕಾದದ್ದು ದೇಶದ ರಹಸ್ಯವಲ್ಲ, ಪಾನ್ ಸಂಖ್ಯೆ ಮತ್ತು ಸಾಲದ ಕಂತು. ಪಿ-4 ಸಾಕೆಂದು ನಿರ್ಧರಿಸಿದೆ.

ಆದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆಯದ ಸಂಗತಿಯೇ ಮುಖ್ಯವೆಂದು ಆಮೇಲೆ ತಿಳಿಯಿತು. ಸಣ್ಣ ಯಂತ್ರಗಳು ಎರಡು ನಿಮಿಷ ಓಡಿದರೆ ಅರ್ಧ ಗಂಟೆ ತಣ್ಣಗಾಗಬೇಕು. ಒಮ್ಮೆಗೆ ಆರು ಹಾಳೆಯಂತೆ ಎರಡು ನಿಮಿಷದಲ್ಲಿ ಹದಿನೈದು ಸಲ ತುರುಕಿದರೆ ತೊಂಬತ್ತು ಹಾಳೆ. ನಮ್ಮ ಕಪಾಟಿನಲ್ಲಿದ್ದದ್ದು ಹೆಚ್ಚು ಕಡಿಮೆ ಐದು ಸಾವಿರ ಹಾಳೆ. ಅಂದರೆ ಮೂವತ್ತು ಗಂಟೆಯ ಕೆಲಸ, ಅದರಲ್ಲಿ ಎರಡು ಗಂಟೆ ಯಂತ್ರದ ದುಡಿಮೆ, ಇಪ್ಪತ್ತೆಂಟು ಗಂಟೆ ಯಂತ್ರದ ವಿಶ್ರಾಂತಿ. ಅದೂ ಡಬ್ಬಿಯ ಲೆಕ್ಕದಲ್ಲಿ. ಹೊರಗೆ ನಲವತ್ತು ಡಿಗ್ರಿ ಬಿಸಿಲಿರುವಾಗ ಮೋಟಾರು ಬೇಗ ಕಾಯುತ್ತದೆ, ತಡವಾಗಿ ಆರುತ್ತದೆ. ಮಧ್ಯಾಹ್ನ ವೋಲ್ಟೇಜು ಬಿದ್ದರೆ ಹತ್ತು ಹಾಳೆ ಎಂದು ಬರೆದ ಯಂತ್ರ ಏಳಕ್ಕೇ ಏದುಸಿರು ಬಿಡುತ್ತದೆ. ಆ ಹತ್ತು ಹಾಳೆಯ ಮಾತಾದರೂ ತೆಳು ಕಾಗದವನ್ನು ಇಟ್ಟುಕೊಂಡು ಹೇಳಿದ್ದೋ ದಪ್ಪ ಕಾಗದವನ್ನು ಇಟ್ಟುಕೊಂಡು ಹೇಳಿದ್ದೋ ಎಂದು ಕೇಳಬೇಕು. ಕೇಳಿದರೆ ಅಂಗಡಿಯ ಹುಡುಗನು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಪಾಪ, ಅವನಿಗೂ ಯಾರೂ ಹೇಳಿರುವುದಿಲ್ಲ.

ಆಟೋಮ್ಯಾಟಿಕ್ ಯಂತ್ರದ ಆಸೆ ಹುಟ್ಟಿದ್ದು ಇಲ್ಲಿ. ಮೇಲಿನ ತಟ್ಟೆಯಲ್ಲಿ ನೂರು ಹಾಳೆ ಇಟ್ಟು ಮುಚ್ಚಳ ಹಾಕಿದರೆ ಸಾಕು, ರಬ್ಬರಿನ ಉರುಳೆಗಳು ಕೆಳಗಿನಿಂದ ಒಂದೆರಡೇ ಹಾಳೆಯನ್ನು ಎಳೆದುಕೊಂಡು ಕತ್ತಿಗಳ ನಡುವೆ ಬಿಡುತ್ತವೆ. ಸಣ್ಣ ಸ್ಟೇಪಲ್ ಪಿನ್ನು ಇದ್ದರೂ ನಡೆಯುತ್ತದೆ. ಮಡಿಕೆ ಬಿದ್ದ ಪತ್ರ, ನುಣುಪಾದ ಕಾಗದ, ಪೆಟ್ರೋಲ್ ಬಂಕಿನ ತೆಳು ರಸೀದಿ, ಅಂಟು ಇರುವ ಚೀಟಿ, ಇವುಗಳನ್ನು ತಟ್ಟೆಯಲ್ಲಿ ಇಡಬಾರದು. ಅಂಟನ್ನಂತೂ ಯಾವ ಬಾಯಿಗೂ ಕೊಡಬಾರದು. ಬೆಲೆ ಕೈಯಿಂದ ತುರುಕುವ ಯಂತ್ರದ ಮೂರು ಪಟ್ಟು. ಇನ್ನೊಂದು ಕಾರಣವೂ ಇತ್ತು. ಸಹಾಯಕಿಯ ಓಢಣಿ, ಗ್ರಾಹಕರೊಂದಿಗೆ ಬರುವ ಮಕ್ಕಳ ಬೆರಳು, ನನ್ನದೇ ಅಂಗಿಯ ತೋಳು, ಇವೆಲ್ಲ ತೆರೆದ ಬಾಯಿಯ ಯಂತ್ರದ ಹತ್ತಿರ ಸುಳಿಯುವುದು ನನಗೆ ಹೆದರಿಕೆಯ ಸಂಗತಿ. ಮುಚ್ಚಳ ತೆರೆದರೆ ಇದು ಓಡುವುದೇ ಇಲ್ಲ. ಹಣ ಕೊಟ್ಟು ತಂದೆ. ಉದ್ಘಾಟನೆಗೆ ಬಂದ ಭಾವನವರು ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿ ತಂದಿದ್ದರು. ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಬೇಕು, ಸ್ಪ್ರೇ ಡಬ್ಬಿಯನ್ನಂತೂ ಹತ್ತಿರ ತರಬಾರದು, ಅದರ ಅನಿಲಕ್ಕೆ ಮೋಟಾರಿನ ಕಿಡಿ ತಗಲಿದರೆ ಹೊತ್ತಿಕೊಳ್ಳುತ್ತದೆ ಎಂದರೆ, “ಹಂಗಾದ್ರ ನಾ ಹೇಳಿದಂಗ ಬೆಂಕಿನ ಆತಲ್ಲ” ಎಂದು ನಕ್ಕರು.

ಈಗ ಮಂಗಳವಾರಕ್ಕೆ ಬರುತ್ತೇನೆ. ರುಮಾಲಿನ ಹಿರಿಯರು ನಮ್ಮಲ್ಲಿಗೆ ಬಂದದ್ದು ಮುಳುಗಡೆಯ ಕೆಲಸಕ್ಕೆ. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ನಮ್ಮೂರಲ್ಲಿ ತೆರಿಗೆ ಕಚೇರಿಯ ಕೆಲಸದಲ್ಲಿ ದೊಡ್ಡ ಪಾಲು ಮುಳುಗಡೆಯದೇ. ಆಲಮಟ್ಟಿಯ ಹಿನ್ನೀರಿಗೆ ಹೋದ ಹೊಲಗಳ ಹೆಚ್ಚುವರಿ ಪರಿಹಾರಕ್ಕಾಗಿ ರೈತರು ವರ್ಷಗಟ್ಟಲೆ ಕೋರ್ಟಿಗೆ ಅಲೆದಿರುತ್ತಾರೆ. ಕೊನೆಗೆ ಹಣ ಬಂದಾಗ ಅದರ ಬಡ್ಡಿಯ ಮೇಲೆ ಟಿಡಿಎಸ್ ಎಂದು ತೆರಿಗೆಯನ್ನು ಮೊದಲೇ ಮುರಿದುಕೊಂಡಿರುತ್ತಾರೆ. ಆ ಬಡ್ಡಿಯಲ್ಲಿ ಅರ್ಧಕ್ಕೆ ಕಡಿತ ಸಿಗುತ್ತದೆಂದು ತೋರಿಸಿ, ರಿಟರ್ನ್ ತುಂಬಿ, ಮುರಿದ ಹಣವನ್ನು ಮರಳಿ ಕೊಡಿಸುವುದು ನಮ್ಮ ಕೆಲಸ. ಹಿರಿಯರ ಕೈಚೀಲದಲ್ಲಿ ಮೊಣಕೈಯುದ್ದದ ಕಟ್ಟು ಇತ್ತು: ಹೊಲದ ದಾಖಲೆಯಾದ ಉತಾರ, ಪಂಚನಾಮೆ, ಪರಿಹಾರ ಗೊತ್ತುಮಾಡಿದ ಅವಾರ್ಡಿನ ಪ್ರತಿ, ವಕೀಲರ ಚೀಟಿ, ಮತ್ತು 1894ರ ಭೂಸ್ವಾಧೀನ ಕಾಯ್ದೆಯ 12(2)ನೇ ಕಲಮಿನ ಕೆಳಗೆ ಬಂದ ನೋಟಿಸು. ಆ ನೋಟಿಸಿನ ಮಹತ್ವ ತಿಳಿಯದವರಿಗೆ ಒಂದು ಮಾತು: ಪರಿಹಾರ ಸಾಲದೆಂದು 18ನೇ ಕಲಮಿನ ಕೆಳಗೆ ಅರ್ಜಿ ಹಾಕಲು, ಕರ್ನಾಟಕದ ತಿದ್ದುಪಡಿಯಂತೆ, ರೈತನಿಗೆ ಈ ನೋಟಿಸು ಕೈಸೇರಿದ ದಿನದಿಂದ ತೊಂಬತ್ತು ದಿನದ ಗಡುವು ಓಡುತ್ತಿತ್ತು. ಆದ್ದರಿಂದ ಆ ಹಾಳೆಯಲ್ಲಿ ಮೇಲೆ ಅಚ್ಚಾದ ಒಕ್ಕಣೆಗಿಂತ ಕೆಳಗೆ ಶಾಯಿಯಲ್ಲಿ ಬರೆದ “ಮುಟ್ಟಿತು” ಎಂಬ ಸಹಿ ಮತ್ತು ತಾರೀಖೇ ಪ್ರಾಣ. ಇವರದು ಬೀಡಿಯ ಬಣ್ಣಕ್ಕೆ ತಿರುಗಿದ ಹಾಳೆ. ಮಡಿಕೆಯಲ್ಲಿ ಹರಿದದ್ದನ್ನು ಹಿಂದಿನಿಂದ ಕಂದು ಟೇಪು ಹಚ್ಚಿ ಕೂಡಿಸಿದ್ದರು.

ಸಹಾಯಕಿ ಒಂದೊಂದಾಗಿ ಝೆರಾಕ್ಸ್ ತೆಗೆಯುತ್ತಿದ್ದಳು. ಮಸುಕಾಗಿ ಬಂದ ಪ್ರತಿಗಳನ್ನು ಪಕ್ಕದ ಸ್ಟೂಲಿನ ಮೇಲೆ ಹಾಕುತ್ತಿದ್ದಳು. ಯಾವುದೋ ಫೋನು ಬಂದಾಗ ನೋಟಿಸಿನ ಮೂಲ ಪ್ರತಿಯನ್ನೂ ಅದೇ ಸ್ಟೂಲಿನ ಮೇಲೆ ಬೋರಲು ಇಟ್ಟಳು. ನಾನು ಹೊಸ ಆಟಿಕೆ ಸಿಕ್ಕ ಹುಡುಗನಂತೆ ಸ್ಟೂಲಿನ ಮೇಲಿನದನ್ನೆಲ್ಲ ಎರಡೂ ಕೈಯಿಂದ ಎತ್ತಿ, ಅಂಚು ತಟ್ಟಿ ಸಮ ಮಾಡಿ, ಹಳೆಯ ಕಡತದ ಹಾಳೆಗಳ ಮೇಲೆ ಸೇರಿಸಿ ಮುಚ್ಚಳ ಹಾಕಿದೆ. ಅವಳನ್ನು ಬೈಯುವಂತಿಲ್ಲ. ಕೈಯಿಂದ ತುರುಕುವ ಯಂತ್ರವಾಗಿದ್ದರೆ ಆ ಕಂದು ಹಾಳೆ ನನ್ನ ಕಣ್ಣೆದುರಿಗೇ ಬಾಯಿಗೆ ಹೋಗಬೇಕಿತ್ತು, ನಾನು ನೋಡದೆ ಇರುವುದು ಸಾಧ್ಯವೇ ಇರಲಿಲ್ಲ. ಮೂರು ಪಟ್ಟು ಹಣ ಕೊಟ್ಟು ನಾನು ಕೊಂಡದ್ದು ನೋಡದೆ ಇರುವ ಸೌಕರ್ಯವನ್ನೇ.

“ಇದರಾಗ ಹೋದದ್ದು ತಿರುಗಿ ಬರತೈತೇನ್ರಿ?” ಎಂದು ಅವರು ಕೇಳಿದ್ದು ಆಗ. ನಾನು ಪಿ-4ರ ಭಾಷಣ ಮುಗಿಸುವಷ್ಟರಲ್ಲಿ ಯಂತ್ರ ಒಮ್ಮೆ ಗೊಗ್ಗರು ದನಿಯಲ್ಲಿ ನರಳಿ, ಟಕ್ಕೆಂದು ನಿಂತು, ಕೆಂಪು ದೀಪ ತೋರಿಸಿತು. ಸಿಕ್ಕಿಬಿದ್ದಾಗ ಉರುಳೆಗಳು ತಾವಾಗಿಯೇ ಹಿಂದಕ್ಕೆ ತಿರುಗುವ ವ್ಯವಸ್ಥೆ ಅದರಲ್ಲಿತ್ತು. ಮುಚ್ಚಳ ತೆರೆದಾಗ ಮೊದಲು ಕಂಡದ್ದು ಕಂದು ಟೇಪು. ಅದರ ಅಂಟು ಉರುಳೆಗೆ ಹತ್ತಿಕೊಂಡು, ಪಕ್ಕದ ಮೂರು ನಾಲ್ಕು ಹಾಳೆಯನ್ನೂ ಎಳೆದುಕೊಂಡು, ಯಂತ್ರದ ಗಂಟಲನ್ನು ಕಟ್ಟಿತ್ತು. ಯಾವ ಅಂಟನ್ನು ಹಾಕಬಾರದೆಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರೋ ಅದೇ ಅಂಟು ಹಾಳೆಯನ್ನು ಉಳಿಸಿತ್ತು. ನಿಧಾನವಾಗಿ ಬಿಡಿಸಿ ಹೊರತೆಗೆದೆ. ಒಕ್ಕಣೆ ಇತ್ತು, ಸರ್ವೇ ನಂಬರಿತ್ತು, ಗುಂಟೆಯ ಲೆಕ್ಕವಿತ್ತು. ಕೆಳಗಿನ ಎರಡು ಬೆರಳಿನಷ್ಟು ಭಾಗ, ಸಹಿ ಮತ್ತು ತಾರೀಖು ಇರುವ ಭಾಗ, ಇರಲಿಲ್ಲ.

ಅವರು ಬೈದಿದ್ದರೆ ಚೆನ್ನಾಗಿತ್ತು. ಹಾಳೆಯನ್ನು ಕೈಗೆ ತೆಗೆದುಕೊಂಡು ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. “ಕೇಸ್ ಮುಗದೈತಿ ಬಿಡ್ರಿ” ಎಂದರು. ಮುಗಿದದ್ದು ನಿಜ, ಹಣವೂ ಬಂದಿದೆ, ಕೋರ್ಟಿನ ಕಡತದಲ್ಲಿ ಪ್ರತಿಯೂ ಇರುತ್ತದೆ, ನಮ್ಮ ರಿಟರ್ನಿಗೆ ಆ ಹಾಳೆ ಬೇಕಾಗಿಯೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ಬಿಟ್ಟು ಅವರು, “ಅದು ನಮ್ಮಪ್ಪನ ಸಹಿ ಇತ್ರಿ” ಎಂದರು.

ಸಹಾಯಕಿ ನನ್ನ ಮುಖ ನೋಡಲಿಲ್ಲ. ಎದ್ದು ಫ್ಯಾನು ಬಂದ್ ಮಾಡಿ, ಬಾಗಿಲು ಮುಚ್ಚಿ, ನೆಲದ ಮೇಲೆ ಸುದ್ದಿಪತ್ರಿಕೆ ಹಾಸಿ ಬುಟ್ಟಿಯನ್ನು ಸುರಿದಳು. ನಲವತ್ತು ಡಿಗ್ರಿಯ ಮಧ್ಯಾಹ್ನ, ಮುಚ್ಚಿದ ಕೋಣೆಯಲ್ಲಿ ಮೂವರು ಬೆವರು ಹನಿಸುತ್ತ ಕುಳಿತೆವು. ಕೆಲಸ ನಾನು ಹೆದರಿದಷ್ಟು ಕಠಿಣವಾಗಿರಲಿಲ್ಲ, ಏಕೆಂದರೆ ಬುಟ್ಟಿಯಲ್ಲಿದ್ದ ಉಳಿದ ಅವಲಕ್ಕಿಯೆಲ್ಲ ಬೆಳ್ಳಗಿತ್ತು, ಇವರ ಹಾಳೆಯ ಚೂರು ಮಾತ್ರ ಬೀಡಿಯ ಬಣ್ಣದ್ದು. 210 ಮಿಲಿಮೀಟರ್ ಅಗಲ, ನಾಲ್ಕರ ಒಂದೊಂದು ಚೂರು, ಅಂದರೆ ಐವತ್ತೆರಡು ಸಿಗಬೇಕು ಎಂದು ಮನಸ್ಸಿನಲ್ಲಿಯೇ ಎಣಿಸಿದೆ. ಯಾವ ಮಾನದಂಡವನ್ನು ಅವರ ಮುಂದೆ ಹೊಗಳಿದ್ದೆನೋ ಅದರ ಲೆಕ್ಕವನ್ನೇ ಈಗ ಮೊಣಕಾಲೂರಿ ಹುಡುಕುತ್ತಿದ್ದೆ. ನಲವತ್ತಮೂರು ಸಿಕ್ಕವು. ಹಿರಿಯರ ಕಣ್ಣು ನಮಗಿಂತ ಚುರುಕು. ಜೋಳದಲ್ಲಿ ಹರಳು ಆರಿಸುವಂತೆ ಉಗುರಿನ ತುದಿಯಿಂದ ಎತ್ತಿ ಎತ್ತಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಸಹಾಯಕಿ ಅವುಗಳನ್ನು ಬಿಳಿ ಹಾಳೆಯ ಮೇಲೆ ಶಾಯಿಯ ಗೆರೆ ಕೂಡುವಂತೆ ಒಂದರ ಪಕ್ಕ ಒಂದು ಅಂಟಿಸಿದಳು. ಒಂದೂವರೆ ಗಂಟೆಯ ನಂತರ ವರ್ಷದ ನಾಲ್ಕು ಅಂಕಿಯಲ್ಲಿ ಮೂರು ಕಂಡವು, ತಿಂಗಳು ಸರಿಯಾಗಿ ಬಂದಿತು, ದಿನ ಬರಲಿಲ್ಲ. ಸಹಿಯಲ್ಲಿ ಕೊನೆಯ ಎರಡಕ್ಷರ ಹೋಗಿದ್ದವು. ಮೊದಲಿನ ಅಕ್ಷರದ ತಲೆಕಟ್ಟನ್ನು ಎಳೆದ ರೀತಿ ನೋಡಿ ಅವರು, “ಹಾಂ, ಹಿಂಗ ಹಾಕ್ತಿದ್ದ” ಎಂದರು.

ಜಿಎಸ್‌ಟಿಯ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು, ವ್ಯಾಜ್ಯವಿದ್ದರೆ ಅದು ಮುಗಿದ ಮೇಲೆ ಇನ್ನೊಂದು ವರ್ಷವಾದರೂ ಇಡಬೇಕು ಎಂಬಂಥ ನಿಯಮಗಳು ನನಗೆ ಬಾಯಿಪಾಠ. ಯಾವ ಕಾಗದ ಯಾವಾಗ ಸಾಯಬೇಕೆಂದು ಹೇಳುವುದೇ ನನ್ನ ಹೊಟ್ಟೆಪಾಡು. ಆದರೆ ಈ ಊರಿನ ಜನ ಆ ಗಡುವನ್ನು ಒಪ್ಪುವುದಿಲ್ಲ. ಮನೆ ಬಿಟ್ಟು, ಹೊಲ ಬಿಟ್ಟು, ನವನಗರದ ಸೆಕ್ಟರ್ ನಂಬರುಗಳಿಗೆ ಬಂದು ನೆಲೆಸಿದವರು ಅವರು. ನೀರಿನ ಕೆಳಗೆ ಹೋದ ಹೊಲಕ್ಕೆ ಈಗ ಉಳಿದಿರುವ ರೂಪವೆಂದರೆ ಉತಾರದ ಒಂದು ಸಾಲು. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಇನ್ನೂ ಮುಗಿದಿಲ್ಲವಾದ್ದರಿಂದ, ಹೊಸ ಹೊಸ ಕೈಚೀಲಗಳು ತುಂಬುತ್ತಲೇ ಇವೆ. ಇಂಥವರ ಕಟ್ಟನ್ನು ಕಂಡಾಗ ಇದರಲ್ಲಿ ಅರ್ಧ ರದ್ದಿ ಎಂದು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಅಂದುಕೊಂಡಿದ್ದೇನೆ. ಅದನ್ನು ಅವರು ಹೇಗೋ ಓದಿಕೊಂಡಿರಬೇಕು. ಇಲ್ಲದಿದ್ದರೆ ಅಂಥ ಪ್ರಶ್ನೆ ಅವರ ಬಾಯಿಂದ ಬರುತ್ತಿರಲಿಲ್ಲ.

ಯಂತ್ರವನ್ನು ಮರಳಿಸಲಿಲ್ಲ. ಭಜಿಯ ಹಾಳೆ ಇನ್ನೂ ಕಣ್ಣ ಮುಂದಿದೆ. ಸ್ಟೂಲು ಮಾತ್ರ ಹೊರಗೆ ಹೋಗಿದೆ. ಅದರ ಬದಲು ಎರಡು ರಟ್ಟಿನ ಡಬ್ಬಿ ಬಂದಿವೆ. ಒಂದರಲ್ಲಿ ಚೂರು ಮಾಡಬೇಕಾದದ್ದು ಬೀಳುತ್ತದೆ. ಮರುದಿನ ಬೆಳಿಗ್ಗೆ ಇನ್ನೊಬ್ಬರು ಒಂದೊಂದೇ ಹಾಳೆಯನ್ನು ಮಗುಚಿ ನೋಡಿ ಎರಡನೆಯದಕ್ಕೆ ಹಾಕಿದ ಮೇಲೆಯೇ ತಟ್ಟೆಗೆ. ಹಾಗಾದರೆ ಆಟೋಮ್ಯಾಟಿಕ್ ಯಾಕೆ ಬೇಕಿತ್ತು ಎಂದು ಭಾವನವರು ಕೇಳಿದರು. ಅವರು ಕೇಳಿದ ಪ್ರಶ್ನೆಗಳಲ್ಲಿ ಸರಿಯಾದದ್ದು ಇದೊಂದೇ. ಅವಲಕ್ಕಿಯ ಮೊದಲ ಚೀಲವನ್ನು ರದ್ದಿಯವನು ಗಾಳಿಗೆ ಹಾರುತ್ತದೆಂದು ಮುಟ್ಟಲಿಲ್ಲ; ಗಾಜಿನ ಸಾಮಾನು ಮಾರುವ ಅಂಗಡಿಯವರು ಪುಕ್ಕಟೆ ಒಯ್ದರು.

ಶುಕ್ರವಾರ ಹಿರಿಯರು ಮತ್ತೆ ಬಂದರು, ತಮ್ಮನ ಪಾಲಿನ ಕಾಗದಗಳನ್ನು ತೆಗೆದುಕೊಂಡು. ನಲವತ್ತಮೂರು ಚೂರಿನ ಹಾಳೆಗೆ ಲ್ಯಾಮಿನೇಷನ್ ಮಾಡಿಸಿದ್ದರು. ತೋರಿಸಿ, ಮತ್ತೆ ಚೀಲದೊಳಗೆ ಇಟ್ಟುಕೊಂಡರು. ಕಟ್ಟನ್ನು ಸಹಾಯಕಿಯ ಕೈಗೆ ಕೊಟ್ಟು, ಕುರ್ಚಿಯನ್ನು ಎಳೆದುಕೊಂಡು ಯಂತ್ರದ ಪಕ್ಕದಲ್ಲಿ ಕುಳಿತು, ಬಲಗೈಯನ್ನು ಅದರ ಮುಚ್ಚಳದ ಮೇಲೆ ಊರಿದರು. ಕೊನೆಯ ಝೆರಾಕ್ಸ್ ಹೊರಬಂದು, ಮೂಲ ಪ್ರತಿಗಳೆಲ್ಲ ಎಣಿಕೆಯಾಗಿ ಚೀಲ ಸೇರುವವರೆಗೆ ಆ ಕೈಯನ್ನು ತೆಗೆಯಲಿಲ್ಲ.